ಹೋತಮ್ಮನ ಕೂಗು

ಸತ್ತವರು ಹೆದರಿಸಿದರೆ ಜನ ಒಂದು ಸಲ ಬರುತ್ತಾರೆ, ನಗಿಸಿದರೆ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಮತ್ತೆ ಬರುತ್ತಾರೆ. ಈ ಗುಟ್ಟು ಮಾಯಾಲೋಕ ಕಂಪನಿಗೆ ಕರಿಗುಡ್ಡದ ಆಣೆಕಟ್ಟಿಗೆ ಬಂದ ಮೊದಲ ಬೇಸಿಗೆಯಲ್ಲೇ ತಿಳಿದುಹೋಯಿತು.

ಆಣೆಕಟ್ಟಿನ ಹೊಟ್ಟೆಯಲ್ಲಿ ಈ ದಡದಿಂದ ಆ ದಡಕ್ಕೆ ಒಂದು ಸುರಂಗ ಹಾಯುತ್ತದೆ. ನೀರು ಎಲ್ಲಿ ಜಿನುಗುತ್ತಿದೆ ಎಂದು ಎಂಜಿನಿಯರರು ಓಡಾಡಿ ನೋಡಲೆಂದು ಕಟ್ಟುವಾಗಲೇ ಬಿಟ್ಟ ದಾರಿ ಅದು. ಹೊರಗೆ ಬಂಡೆ ಸೀಳುವ ಬಿಸಿಲಿದ್ದರೂ ಒಳಗೆ ಹಲ್ಲು ಕಟಕಟಿಸುವ ತಂಪು. ಕೈಯಿಟ್ಟರೆ ಗೋಡೆ, ಗೋಡೆಯ ಆಚೆ ಇಡೀ ಹೊಳೆ ಹೆಗಲು ಕೊಟ್ಟು ಒತ್ತುತ್ತ ನಿಂತಿದೆ ಎಂಬ ದಿಗಿಲು. ಕಂಪನಿ ಆ ದಾರಿಗೆ ಬಣ್ಣದ ದೀಪ ಹಾಕಿತು. ಬಾಯಿಗೆ 'ನಗೆದೆವ್ವಗಳ ಸುರಂಗ' ಎಂಬ ಫಲಕ ತೂಗುಹಾಕಿತು. ಒಳಹೋಗುವವರ ತಲೆಗೆ ಮೇಕೆಕಿವಿಯ ಪಟ್ಟಿ ಕಟ್ಟಿ ಕಳಿಸತೊಡಗಿತು. ತುಂಡು ತುಂಡಾಗಿ ಕಟ್ಟಿದ ಆಣೆಕಟ್ಟಿನ ಏಳನೇ ಬ್ಲಾಕಿನ ಹತ್ತಿರ ಎಲ್ಲರೂ ನಿಲ್ಲಬೇಕು. ದೀಪ ಆರುತ್ತದೆ. ಗೋಡೆಯೊಳಗಿಂದ ಕೀರಲು ಹೆಣ್ಣುದನಿಯೊಂದು ಬರುತ್ತದೆ.

"ಹೋತೋ... ಹೋತೋ..."

"ಮ್ಯಾ," ಎಂದು ಜನ ಒಕ್ಕೊರಲಿನಲ್ಲಿ ಅರಚುತ್ತಾರೆ.

ಆಗ ಕತ್ತಲೆಯಿಂದ ಕೊಂಬು, ಗಡ್ಡ ಕಟ್ಟಿಕೊಂಡ ಕಂಪನಿಯ ನಗೆನಟ ಮೈಲಾರಿ ಜಿಗಿಯುತ್ತಾನೆ. "ಏ ಹೋತಮ್ಮಾ, ಇಲ್ಲೇ ಅದೀನಲ್ಲಬೇ. ಕಣ್ಣಾಗೇನು ಸಿಮಿಟು ಹೊಕ್ಕೈತೇನು?"

ಜನ ಬಿದ್ದು ಬಿದ್ದು ನಗುತ್ತಿದ್ದರು. ಸುರಂಗದಲ್ಲಿ ನಗು ಒಂದಕ್ಕೆ ನಾಲ್ಕಾಗುತ್ತದೆ. ಆ ನಗು ಹೊಳೆಯ ಕಡೆಯ ಗೋಡೆಗೆ ಬಡಿದು ಹಿಂದಿರುಗುವಾಗ ಬೇರೆ ಯಾರೋ ನಕ್ಕಂತೆ ಕೇಳುತ್ತಿತ್ತು.

ಸುರಂಗದ ಬಾಯಿಯ ಹಳೆಯ ಪಂಪುಮನೆಯೇ ಕಂಟ್ರೋಲ್ ರೂಮು. ಅಲ್ಲಿ ಕುಳಿತು ದೀಪ ಆರಿಸುವ, ಧ್ವನಿ ಬಿಡುವ ಕೆಲಸ ಯಶೋಧರೆಯದು. ಆಣೆಕಟ್ಟಿನ ಕೆಳಗಿನ ಎಂಟನೇ ಕ್ಯಾಂಪಿನ ಹುಡುಗಿ. ಕಟ್ಟಲು ಕರೆತಂದ ಜನ ಕಟ್ಟಿ ಮುಗಿದ ಮೇಲೂ ಹೋಗಲು ಊರಿಲ್ಲದೆ ಉಳಿದ ಜಾಗವೇ ಆ ಕ್ಯಾಂಪು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಧ್ವನಿವಿಜ್ಞಾನ ಓದಿ ಬಂದವಳು, ಕಂಪನಿಯ ಬಿಲ್ಲೆ ಕೊರಳಿಗೆ ಹಾಕಿಕೊಂಡ ಕ್ಯಾಂಪಿನ ಮೊದಲ ಹೆಣ್ಣು.

ಹಸಿ ಗೋಡೆಗೆ ಹರಳು ಒಗೆದಂತೆ ಎಂದು ನಮ್ಮ ಜನ ಒಂದು ಮಾತು ಹೇಳುತ್ತಾರೆ. ಒಣಗೋಡೆಗೆ ಎಸೆದ ಹರಳು ಕೆಳಗೆ ಬೀಳುತ್ತದೆ, ಹಸಿಯದಕ್ಕೆ ಎಸೆದದ್ದು ನಾಟಿಕೊಳ್ಳುತ್ತದೆ. ವಿಜ್ಞಾನಿಗಳು ಕಂಡುಹಿಡಿದದ್ದೂ ಅದನ್ನೇ. ಸಿಮೆಂಟು ಗಟ್ಟಿಯಾಗುವಾಗ ಒಳಗೆ ಸೂಜಿಯಂಥ ಹರಳುಗಳು ಬೆಳೆಯುತ್ತವೆ. ಆ ಹೊತ್ತಿನಲ್ಲಿ ಹತ್ತಿರ ಯಾರಾದರೂ ಮಾತಾಡಿದರೆ ಆ ಮಾತಿನ ನಡುಕವನ್ನು ನುಂಗಿಕೊಂಡೇ ಹರಳು ಪದರ ಪದರವಾಗಿ ಬೆಳೆಯುತ್ತದೆ. ಗೋಡೆಗೆ ಬೆರಳು ದಪ್ಪದ ತೂತು ಕೊರೆದು 'ಕಿವಿಗೋಲು' ಎಂಬ ಸಲಕರಣೆಯನ್ನು ಇಳಿಬಿಟ್ಟರೆ, ಅದು ಬೆಳಕಿನ ಎಳೆಯಿಂದ ಆ ಪದರಗಳನ್ನು ಸವರಿ ನಡುಕವನ್ನು ಮತ್ತೆ ಸದ್ದು ಮಾಡುತ್ತದೆ. ಒಣಗಿದ ಗೋಡೆ ಕಿವುಡು. ಹಸಿಯಿದ್ದ ಆ ಸ್ವಲ್ಪ ಹೊತ್ತಿನಲ್ಲಿ ಹತ್ತಿರವಿದ್ದವರು ಆಡಿದ್ದಷ್ಟೇ ಅದಕ್ಕೆ ಗೊತ್ತು.

ಇದರಿಂದ ಕಂಪನಿಗೊಂದು ಪೇಚಾಟ ಒದಗಿತು. ಅವರಿಗೆ ಬೇಕಿದ್ದದ್ದು ದೊಡ್ಡವರ ದೆವ್ವ. ಮೊದಲು ಹಳೆಯ ಅರಮನೆಗಳಿಗೆ ಹೋಗಿ ಗಾರೆಗೋಡೆಗೆ ಕಿವಿಗೋಲು ಇಳಿಸಿದರು. ರಾಣಿಯ ನಿಟ್ಟುಸಿರು ಸಿಗಲಿಲ್ಲ. ಸುಣ್ಣ ಅರೆಯುವವಳ ಕೆಮ್ಮು ಸಿಕ್ಕಿತು. ಅರಸನ ಕುಂಡಿಯ ಅಗಲಕ್ಕೆ ತಕ್ಕ ಸಿಂಹಾಸನ ಸಿಗಲಾರದೆಂದು ಗೌಂಡಿಗಳು ಕಟ್ಟಿ ಹಾಡಿದ ಪದ ಸಿಕ್ಕಿತು. ಅರಸರು ಒಕ್ಕಲು ಬರುವ ಹೊತ್ತಿಗೆ ಗೋಡೆ ಒಣಗಿ ಕಿವುಡಾಗಿರುತ್ತದೆ ನೋಡಿ. ಕರಿಗುಡ್ಡದಲ್ಲೂ ಅಷ್ಟೇ. ಆಣೆಕಟ್ಟಿನ ನೆತ್ತಿಯ ಕಲ್ಲಿನಲ್ಲಿ ಮಂತ್ರಿಗಳ ಹೆಸರು ಕೊರೆದಿದೆ, ಆದರೆ ಅವರ ಭಾಷಣದ ಒಂದಕ್ಷರವೂ ಆಣೆಕಟ್ಟಿಗೆ ನೆನಪಿಲ್ಲ. ಬುಟ್ಟಿ ಹೊತ್ತವರ ಬೈಗುಳ, ಬಿಕ್ಕಳಿಕೆ, ಹಾಡು ಎಲ್ಲ ನೆನಪಿದೆ.

ದೊಡ್ಡವರ ದೆವ್ವ ಸಿಗದೆ ಕಂಪನಿ ಕೂಲಿಯವರ ದೆವ್ವಕ್ಕೇ ತೃಪ್ತಿಪಟ್ಟುಕೊಂಡಿತು. ಕೂಲಿಯವರ ದೆವ್ವಕ್ಕೆ ಯಾರು ಹೆದರುತ್ತಾರೆ? ನಗಿಸಲಿ ಎಂದುಕೊಂಡರು. ಬೆಂಗಳೂರಿನಲ್ಲಿ ಕುಳಿತು ಕತೆ ಹೆಣೆಯುವವರು ಏಳನೇ ಬ್ಲಾಕಿನ ಧ್ವನಿ ಕೇಳಿ, 'ಹೋತೋ' ಎಂದರೆ ಹೋತ, ಗಂಡುಮೇಕೆ, ಯಾರೋ ಹೆಂಗಸು ತಪ್ಪಿಸಿಕೊಂಡ ಹೋತವನ್ನು ಕರೆಯುತ್ತಿದ್ದಾಳೆ ಎಂದು ತೀರ್ಮಾನಿಸಿದರು. ಓಟ ಹೆಚ್ಚಿಸಿ ಧ್ವನಿಯನ್ನು ಕೀರಲು ಮಾಡಿದರು. ಹೋತಮ್ಮ ಎಂದು ಹೆಸರಿಟ್ಟರು. ಹೋತಮ್ಮನ ಗೊಂಬೆ ಬಂತು, ಬನಿಯನ್ನು ಬಂತು. ಕರಿಗುಡ್ಡದ ಸೀಮೆಯಲ್ಲಿ ಗಂಡುಮೇಕೆಯನ್ನು ಹ್ವಾತ ಎನ್ನುತ್ತಾರೆಯೇ ಹೊರತು ಹೋತ ಎನ್ನುವುದಿಲ್ಲ. ಇದು ಯಶೋಧರೆಗೆ ತಿಳಿಯದ್ದಲ್ಲ. ಆದರೆ ಮೊದಲು ಹೆಸರಿಟ್ಟವನ ಕಿವಿಯೇ ಆಮೇಲೆ ಎಲ್ಲರ ಕಿವಿಯಾಗಿಬಿಡುತ್ತದೆ. ಅವಳೂ ಹೋತವನ್ನೇ ಕೇಳಿಸಿಕೊಂಡಳು.

*

ಯಶೋಧರೆಯ ಮನೆಯಲ್ಲಿ ಎರಡು ಕತೆಗಳಿದ್ದವು.

ಒಂದು, ಅವಳ ಅಜ್ಜಿ ಹುಲಿಗೆವ್ವನ ಅಕ್ಕ ದ್ಯಾಮವ್ವನದು. ಆಣೆಕಟ್ಟು ಕಟ್ಟುವಾಗ ದ್ಯಾಮವ್ವ ಲಾರಿ ಡ್ರೈವರನೊಬ್ಬನ ಜೊತೆ ಓಡಿಹೋದಳು. ಹಾಗೆಂದು ಮೇಸ್ತ್ರಿ ಹೇಳಿದ, ಸಾಹೇಬರು ಹೇಳಿದರು, ಕೊನೆಗೆ ಅವಳ ಅವ್ವನೂ ಎದೆ ಬಡಿದುಕೊಂಡು ಅದನ್ನೇ ಹೇಳಿದಳು. ಇವತ್ತಿಗೂ ನಳದ ಹತ್ತಿರ ಕೊಡ ತಾಗಿದರೆ ಸಾಕು, "ಓಡಿಹೋದಾಕಿ ಮನಿತನ" ಎಂಬ ಮಾತು ಎದ್ದು ಬರುತ್ತಿತ್ತು. ಹುಲಿಗೆವ್ವನ ಮಗಳಿಗೆ ಎರಡು ಸಂಬಂಧ ತಪ್ಪಿದ್ದು ಆ ಮಾತಿನಿಂದಲೇ.

ಇನ್ನೊಂದು, ಮಕ್ಕಳನ್ನು ಮಲಗಿಸುವಾಗ ಹುಲಿಗೆವ್ವ ಹೇಳುತ್ತಿದ್ದ ಸುರಂಗದ ದೆವ್ವದ ಕತೆ. ಗೋಡೆಯೊಳಗೊಂದು ದೆವ್ವ ಇದೆ, ಕೆಲಸದವರ ಹಾಗೆಯೇ ಕೂಗುತ್ತದೆ, ಓಗೊಟ್ಟವರು ರಕ್ತ ಕಾರಿ ಸಾಯುತ್ತಾರೆ. ಹೇಳುತ್ತ ಹೇಳುತ್ತ ಅವಳು ಮಕ್ಕಳ ಕಂಕುಳಿಗೆ ಕೈ ಹಾಕಿ, "ಓಗೊಡ್ತಿ? ಓಗೊಡ್ತಿ?" ಎಂದು ಕಚಗುಳಿ ಇಡುತ್ತಿದ್ದಳು. ಯಶೋಧರೆ ಬೆಳೆದದ್ದು ಆ ದೆವ್ವಕ್ಕೆ ನಕ್ಕು ನಕ್ಕು.

ಈ ಎರಡು ಕತೆ ಒಂದೇ ಮನೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕೂತಿದ್ದವು. ಒಂದರ ಮುಖ ಒಂದು ನೋಡಿರಲಿಲ್ಲ.

ಅವತ್ತು ಸಂಜೆ ಹುಲಿಗೆವ್ವ ಹಿತ್ತಲ ಕಲ್ಲಿನ ಮೇಲೆ ಕೂತು ಬೂದಿ ಹಚ್ಚಿ ಬೋಗುಣಿ ತಿಕ್ಕುತ್ತಿದ್ದಳು. ಓಣಿಯ ಹುಡುಗಿಯರು ಫೋನಿನಲ್ಲಿ ಕಂಡ ಹೋತಮ್ಮನ ಆಟ ಹೂಡಿದ್ದರು. ಒಬ್ಬಳು ಕೂಗಬೇಕು, ಉಳಿದವರು ಮೇಕೆಯಾಗಬೇಕು. ಅದರಲ್ಲಿ ಗಂಟಲು ಕಟ್ಟಿದ ಹುಡುಗಿಯೊಬ್ಬಳಿದ್ದಳು. ಅವಳ ಸರದಿ ಬಂದಾಗ ಕೀರಲು ಬರದೆ ದಪ್ಪ ದನಿಯಲ್ಲಿ, ನಿಧಾನಕ್ಕೆ, "ಹೋತೋ..." ಎಂದಳು.

"ಬಂತೋ," ಎಂದಿತು ಹಿತ್ತಲು.

ಯಶೋಧರೆ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ತಿರುಗಿ ನೋಡಿದಳು. ಹುಲಿಗೆವ್ವ ಎದ್ದು ನಿಂತಿದ್ದಳು. ಕೂತರೆ ಏಳಲು ಗೋಡೆ ಹಿಡಿಯಬೇಕಾದ ಮುದುಕಿ. ಮೊಳಕಾಲು ತುಸು ಬಗ್ಗಿಸಿ, ಎರಡೂ ಕೈ ನೆತ್ತಿಯ ಮೇಲೆತ್ತಿ, ಅಂಗೈ ಆಕಾಶಕ್ಕೆ ಬಿಡಿಸಿ, ಏನೋ ಭಾರ ಬಂದು ಕೂರುತ್ತದೆಂದು ಕಾಯುತ್ತಿದ್ದಳು. ಬೂದಿನೀರು ಮುಂಗೈಯಿಂದ ಇಳಿದು ಕುಪ್ಪಸದ ತೋಳು ತೋಯಿಸುತ್ತಿತ್ತು.

"ಆಯಿ, ಏನಂದಿ?"

"ಏನಂದ್ನೇ?"

"ಬಂತೋ ಅಂದಿ."

ಹುಲಿಗೆವ್ವ ತನ್ನ ಕೈಗಳನ್ನು ಬೇರೆಯವರವು ಎಂಬಂತೆ ನೋಡಿ ಇಳಿಸಿದಳು. "ಕೆಲಸದ ಕೂಗು ಅದು. ಹಲಗಿ ಮ್ಯಾಲೆ ಸಾಲು ನಿಂತು ಬುಟ್ಟಿ ದಾಟಸ್ತಿದ್ವಿ. ಕೆಳಗ ನಿಂತಾಕಿ ಬುಟ್ಟಿ ಎತ್ತಿ, ನನ್ನ ಕಡಿಂದ ಹೋತು ಅಂತ 'ಹೋತೋ' ಅನಬೇಕು. ಮ್ಯಾಲ ನಿಂತಾಕಿ ಕೈಯಾಗ ತಗೊಂಡು 'ಬಂತೋ' ಅನಬೇಕು. ಮಾರಿ ಕಾಣೂದಿಲ್ಲಲ್ಲ, ಕೂಗೇ ಕಣ್ಣು. ಬಂತೋ ಅನ್ನೂತನಕಾ ಕೈ ಬಿಡಂಗಿಲ್ಲ, ಬಿಟ್ರ ತೆಲಿ ಮ್ಯಾಲ ಬೀಳ್ತದ. ಈಗ ಮಿಷನ್ ಸುರೀತಾವ. ಈ ಹುಡುಗ್ಯಾರಿಗೆ ಯಾರು ಕಲಿಸಿದ್ರು?"

ಯಶೋಧರೆ ಹಿತ್ತಲಿಗೆ ಇಳಿದಳು. ಫೋನು ತೆಗೆದು ಹೋತಮ್ಮನ ತುಣುಕು ಹಾಕಿದಳು. ಕೀರಲು ದನಿ, ಹಿಂದೆ ಜನರ ಮ್ಯಾ ಮ್ಯಾ.

ಹುಲಿಗೆವ್ವ ನಕ್ಕಳು. "ಇದ್ಯಾವ್ದೋ ಹ್ಯಾಟಿ ತತ್ತಿ ಇಡಲಾರದ ಒದ್ದಾಡಿದಂಗೈತಿ."

ಯಶೋಧರೆ ಓಟ ಇಳಿಸಿದಳು. ಜನರ ದನಿ ಒರೆಸಿದಳು. ಮತ್ತೆ ಹಾಕಿದಳು.

"ಹೋ... ತೋ..."

ಕೊನೆಯ 'ತೋ' ಇಳಿದು, ಮತ್ತೆ ತುಸು ಮೇಲಕ್ಕೆ ತೂಗಿ ನಿಲ್ಲುತ್ತಿತ್ತು. ಹುಲಿಗೆವ್ವ ಫೋನು ಕಸಿದುಕೊಂಡು ಬೂದಿಗೈಯಲ್ಲೇ ಕಿವಿಗೊತ್ತಿಕೊಂಡಳು. ಓಣಿಯಲ್ಲಿ ಹುಡುಗಿಯರು ಮೇಕೆಗಳಾಗಿ ಓಡುತ್ತಿದ್ದರು.

"ತೊಟ್ಟಿಲು ತೂಗಿದಂಗ ಕೂಗ್ತಿದ್ಲು," ಎಂದಳು. "ಎಲ್ಲಾರೂ ಚಾಷ್ಟಿ ಮಾಡೋರು. ದ್ಯಾಮಿ ಬುಟ್ಟಿ ಕೊಡೂದಿಲ್ಲ, ಕೂಸು ಕೊಡ್ತಾಳ ಅಂತ." ಫೋನು ಇಳಿಸಿ ಮೊಮ್ಮಗಳನ್ನು ನೋಡಿದಳು. "ಯಶೋದಿ, ಓಡಿ ಹೋದಾಕಿ ಗ್ವಾಡ್ಯಾಗ ಯಾಕ ಅದಾಳ?"

*

ಮರುದಿನ ಬೆಳಿಗ್ಗೆ, ಪ್ರವಾಸಿಗರ ಬಸ್ಸು ಬರುವ ಮೊದಲೇ, ಯಶೋಧರೆ ಕಿವಿಗೋಲು ಏಳನೇ ಬ್ಲಾಕಿನಿಂದ ಓದಿಕೊಂಡಿದ್ದ ಮೂಲ ಧ್ವನಿಯನ್ನು ತೆರೆದಳು. ಕಂಪನಿ ಕತ್ತರಿಸಿ ಬಳಸಿದ್ದು ಅದರ ಒಂದು ಚೂರನ್ನು. ಉಳಿದದ್ದನ್ನು ಯಾರೂ ಕೂತು ಕೇಳಿರಲಿಲ್ಲ. ನಗು ಬರುವ ತುಣುಕು ಸಿಕ್ಕ ಮೇಲೆ ಮುಂದೆ ಕೇಳುವ ಅಗತ್ಯ ಯಾರಿಗಿತ್ತು?

ಏಳನೇ ಬ್ಲಾಕು ಮೊದಲಿನಿಂದಲೂ ಅಳುವ ಬ್ಲಾಕು. ಅದರ ಗೋಡೆಯಲ್ಲೊಂದು ಒದ್ದೆಯ ಗುರುತಿತ್ತು, ಯಾವ ಬೇಸಿಗೆಯಲ್ಲೂ ಒಣಗುತ್ತಿರಲಿಲ್ಲ. ಕಿವಿಗೋಲಿಗೆ ಹೊಸ ತೂತು ಕೊರೆಯುವ ಕೆಲಸವೂ ಬಿದ್ದಿರಲಿಲ್ಲ. ಎಲ್ಲಿಂದ ಸೋರುತ್ತದೆಂದು ನೋಡಲು ಎಂಜಿನಿಯರರು ಕೊರೆದಿದ್ದ ತೂತೇ ಸಾಕಾಗಿತ್ತು.

ಕಿವಿಗೋಲಿಗೆ ಸದ್ದಿನ ಜೊತೆಗೆ ಸದ್ದು ಬಂದ ದಿಕ್ಕೂ ತಿಳಿಯುತ್ತದೆ. ಹರಳಿನ ಪದರ ಯಾವ ಕಡೆಗೆ ಬಾಗಿದೆ ಎಂದು ನೋಡಿದರಾಯಿತು. ಆಣೆಕಟ್ಟಿನ ನೂರಾರು ಧ್ವನಿಗಳ ದಿಕ್ಕಿನ ಗೆರೆ ಪರದೆಯ ಮೇಲೆ ಯಾವಾಗಲೂ ಹೊರಗಿನಿಂದ ಒಳಗೆ ಬಂದಿರುತ್ತಿತ್ತು. ಜನ ಹೊರಗೆ, ಗೋಡೆ ಒಳಗೆ. ಸಹಜ.

ಹೋತಮ್ಮನ ಗೆರೆ ಒಳಗಿನಿಂದ ಹೊರಗೆ ಬಂದಿತ್ತು.

ಯಶೋಧರೆ ಅದನ್ನು ಅಳಿಸಿ ಮತ್ತೆ ಎಳೆಸಿದಳು. ಮತ್ತೆ ಅದೇ. ಧ್ವನಿ ಹುಟ್ಟಿದ್ದು ಗೋಡೆಯ ನಡುವಿನಲ್ಲಿ, ಆಳೆತ್ತರದಷ್ಟು ಒಳಗೆ. ಅವಳು ಕಿವಿಗೆ ಹಾಕಿದ್ದ ಹೆಡ್‌ಫೋನು ಎರಡೂ ಕೈಯಿಂದ ಒತ್ತಿಕೊಂಡಳು.

ಕೂಗುಗಳ ನಡುವೆ ಮೇಲಿನಿಂದ ಗಂಡಸಿನ ದನಿ ಇಳಿಯಿತು. "ನಿಲ್ಲಸಬ್ಯಾಡ್ರಿ. ಜೋಡು ಬೀಳ್ತದ. ಸುರೀರಿ."

ಜೋಡು ಎಂದರೇನೆಂದು ಕ್ಯಾಂಪಿನ ಮಕ್ಕಳಿಗೆಲ್ಲ ಗೊತ್ತು. ಕಾಂಕ್ರೀಟು ಸುರಿಯುವುದನ್ನು ನಡುವೆ ನಿಲ್ಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡುವುದಿಲ್ಲ, ಆ ಗೆರೆಯಲ್ಲಿ ನೀರು ಸೋರುತ್ತದೆ. ಅಚ್ಚಿನ ಹಲಗೆಗಳ ಮೂಲೆಯಲ್ಲಿ ಕಾಂಕ್ರೀಟನ್ನು ಕಾಲಲ್ಲಿ ತುಳಿದು ಕೂರಿಸಲು ತೆಳ್ಳಗಿನ ಹುಡುಗಿಯರನ್ನು ಒಳಗೆ ಇಳಿಸುತ್ತಿದ್ದರೆಂದು ಅಜ್ಜಿ ಹೇಳಿದ್ದು ನೆನಪಾಯಿತು. ಹಾಗೆ ಇಳಿದಿದ್ದ ದ್ಯಾಮವ್ವನ ಮೇಲೆ ಹಲಗೆ ಮುರಿದು ಬಿದ್ದಿರಬೇಕು. ಮುರಿದ ಹಲಗೆಯ ಕೆಳಗೆ ಒಂದು ತೊಟ್ಟಿಲಿನಷ್ಟು ಜಾಗ ಉಳಿದಿರಬೇಕು. ದ್ಯಾಮವ್ವ ಅಲ್ಲಿಂದ ಯಾರ ಹೆಸರನ್ನೂ ಕರೆದಿರಲಿಲ್ಲ. ಅಯ್ಯೋ ಎಂದಿರಲಿಲ್ಲ. ಅಷ್ಟು ಗದ್ದಲದಲ್ಲಿ ಯಾರಾದರೂ ತಪ್ಪದೆ ಓಗೊಡುವ ಕೂಗು ಒಂದೇ ಎಂದು ಗೊತ್ತಿದ್ದು ಅದನ್ನೇ ಕೂಗಿದ್ದಳು.

ಮೇಲಿನಿಂದ ಹೆಂಗಸರ ಗುಜುಗುಜು. ಯಾವುದೋ ಎಳೆಯ ದನಿ "ಬಂ..." ಎಂದು ಶುರುಮಾಡಿ ಅಲ್ಲೇ ತುಂಡಾಯಿತು. ಮತ್ತೆ ಗಂಡಸಿನ ದನಿ, ಈ ಸಲ ತಗ್ಗಿಸಿ, ಮಕ್ಕಳಿಗೆ ಹೇಳುವಂತೆ: "ಯಾರೂ ಓಗೊಡಬ್ಯಾಡ್ರಿ. ಅದು ದೆವ್ವ ಐತಿ. ಓಗೊಟ್ಟಾಕಿ ರಕ್ತ ಕಾರಿ ಸಾಯ್ತೀರಿ."

ಹೀಗೆ ಆಣೆಕಟ್ಟಿನ ಮೊದಲ ದೆವ್ವ ಹುಟ್ಟಿತು. ಉಸಿರಾಡುತ್ತಿದ್ದಾಗಲೇ.

ಮ್ಯಾನೇಜರು ಶ್ರೀವತ್ಸ ಒಳ್ಳೆಯವನು. ಕೆಲಸದವರ ಹುಟ್ಟಿದಹಬ್ಬ ನೆನಪಿಟ್ಟು ಕೇಕು ತರಿಸುವಾತ. ಯಶೋಧರೆ ಕೇಳಿಸಿದ್ದನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡ.

"ಯಶೋ, ಕೇಳೋಕಾಗಲ್ಲ ಕಣೇ. ಆದ್ರೆ ಒಂದು ಹೇಳು, ಇದನ್ನ ತಗೊಂಡು ಏನ್ಮಾಡೋಣ?"

"ನಾಳೆಯಿಂದ ಮೇಕೆ ಕೂಗು ನಿಲ್ಲಿಸೋಣ ಸರ್. ನಮ್ಮಜ್ಜಿ ಒಂದು ಸಲ ಒಳಗೆ ಬಂದು ಇದನ್ನ ಕೇಳ್ಬೇಕು. ಜನಕ್ಕೂ ಗೊತ್ತಾಗ್ಬೇಕು, ಅವರು ನಗ್ತಿರೋದು ಯಾತಕ್ಕೆ ಅಂತ."

"ಹೋತಮ್ಮ ನಮ್ಮ ಮುಖ ಕಣೇ. ಮುಖಾನ ಯಾರಾದ್ರೂ ಕೆರಕೋತಾರಾ?" ಅವನು ಸ್ವಲ್ಪ ಯೋಚಿಸಿದ. ಕಣ್ಣು ಹೊಳೆಯಿತು. "ಒಂದ್ಕೆಲಸ ಮಾಡೋಣ. ಮುಂದಿನ ಸೀಸನ್‌ಗೆ ಅಳುವ ದೆವ್ವ ಅಂತ ಬೇರೆ ಐಟಂ ಇಡೋಣ. ನಿಮ್ಮಜ್ಜಿ ಬಂದು ಎರಡು ಮಾತಾಡಿದ್ರೆ ಇನ್ನೂ ಚೆನ್ನಾಗಿರುತ್ತೆ. ನಿಜವಾದ ಅಜ್ಜಿ."

"ನಿಜವಾದ ಅಜ್ಜಿ," ಎಂದಳು ಯಶೋಧರೆ.

"ಹಾಂ. ಮತ್ತೆ ಆ ತೂತು ಮುಚ್ಚಬೇಕು ಅಂತ ಆಣೆಕಟ್ಟಿನ ಆಫೀಸಿಂದ ಕೇಳ್ತಾನೇ ಇದಾರೆ. ಧ್ವನಿ ನಮ್ಮ ಹತ್ರ ಇದೆ, ಇನ್ಮೇಲೆ ಗೋಡೆ ಯಾಕೆ ಬೇಕು?"

*

ಮನೆಗೆ ಬಂದು ಹೇಳುವಾಗ ಅಜ್ಜಿ ಎದೆ ಒಡೆದುಕೊಳ್ಳುತ್ತಾಳೆಂದು ಯಶೋಧರೆ ಹೆದರಿದ್ದಳು. ಹುಲಿಗೆವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು. ಬಡಿಯುವ ಲಯ ಒಂದು ಕಡೆ ಮಾತ್ರ ತಪ್ಪಿತು, 'ಬಂ' ಎಂದ ಎಳೆಯ ದನಿಯ ಮಾತು ಬಂದಾಗ.

"ಮೇಸ್ತ್ರಿ ನನ್ನ ಬಾಯಿ ಮುಚ್ಚಿ ಹಿಡಿದಾ," ಎಂದಳು. "ಕೈ ತುಂಬ ತಂಬಾಕದ ವಾಸನಿ." ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಅವತ್ತಿಂದ ದೆವ್ವ ಅಂತ ನಂಬಿದ್ದೆ. ನಂಬಲಿಲ್ಲ ಅಂದ್ರ ಮಲಗಾಕ ಆಗ್ತಿದ್ದಿಲ್ಲೇನೋ."

ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಹಂಚು ಇಳಿಸಿದಳು.

"ಬಂತೋ ಅನ್ನೂತನಕಾ ಕೈ ಬಿಡಂಗಿಲ್ಲ," ಎಂದಳು ಹುಲಿಗೆವ್ವ. "ಅಕ್ಕ ಇನ್ನೂ ಬುಟ್ಟಿ ಹಿಡಕೊಂಡ ನಿಂತಾಳ. ನನ್ನ ಕರಕೊಂಡು ಹೋಗು. ಓಗೊಟ್ಟು ಬರ್ತೀನಿ."

"ಆಯಿ, ಅದು ದನಿ ಅಷ್ಟ. ಗ್ವಾಡಿ ಎಂದೋ ಒಣಗಿ ಹೋಗೈತಿ. ಒಣಾ ಗ್ವಾಡಿಗೆ ನೀ ಏನಂದ್ರೂ ಕೇಳೂದಿಲ್ಲ."

"ಗ್ವಾಡಿಗೆ ಕೇಳದಿದ್ರ ಬ್ಯಾಡ. ಮ್ಯಾ ಅಂತ ಒದರೋ ಮಂದಿಗೆ ಕೇಳ್ತದಲ್ಲ."

*

ಭಾನುವಾರ ಮಧ್ಯಾಹ್ನದ ಆಟಕ್ಕೆ ಸುರಂಗ ಕಿಕ್ಕಿರಿದಿತ್ತು. ಹುಲಿಗೆವ್ವ ಎಲ್ಲರ ಹಾಗೆಯೇ ಸಾಲಿನಲ್ಲಿ ಬಂದಳು. ಬಾಗಿಲಲ್ಲಿ ಮೇಕೆಕಿವಿಯ ಪಟ್ಟಿ ಕಟ್ಟಲು ಬಂದ ಹುಡುಗಿಗೆ, "ನನಗ ದೇವರು ಕೊಟ್ಟವು ಎರಡು ಅದಾವ ತಾಯಿ, ಅವೇ ಸಾಕು," ಎಂದಳು. ಕಂಟ್ರೋಲ್ ರೂಮಿನ ಪರದೆಯಲ್ಲಿ ಯಶೋಧರೆಗೆ ಅಜ್ಜಿಯ ಬಿಳಿ ತಲೆ ಕಾಣುತ್ತಿತ್ತು, ನೂರಾರು ಮೇಕೆಕಿವಿಗಳ ನಡುವೆ.

ಏಳನೇ ಬ್ಲಾಕು. ದೀಪ ಆರಿತು. ಯಶೋಧರೆ ಕಂಪನಿಯ ತುಣುಕನ್ನು ಬದಿಗಿಟ್ಟು ಮೂಲ ಧ್ವನಿಯ ಗುಂಡಿ ಒತ್ತಿದಳು.

"ಹೋ... ತೋ..."

"ಮ್ಯಾ," ಎಂದರು ಜನ, ಅಭ್ಯಾಸದಂತೆ. ಆದರೆ ದನಿ ಕೀರಲಾಗಿರಲಿಲ್ಲ. ಅದು ಯಾರದೋ ಮನೆಯ ಹೆಣ್ಣುಮಗಳ ದನಿ. ಎರಡನೆಯ ಕೂಗಿಗೆ ಮ್ಯಾ ಅರ್ಧಕ್ಕರ್ಧ ಕಡಿಮೆಯಾಯಿತು. ಮೈಲಾರಿ ಜಿಗಿದು ಬಂದು, "ಏ ಹೋತಮ್ಮಾ, ಇಲ್ಲೇ ಅದೀ..." ಎಂದವನು ಅಲ್ಲೇ ನಿಂತ. ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ನಗಿಸಿದವನಿಗೆ ಎದುರಿನ ಪಾತ್ರ ಸುಳ್ಳು ಹೇಳುತ್ತಿದೆಯೋ ಇಲ್ಲವೋ ಎಂದು ಕತ್ತಲೆಯಲ್ಲೂ ತಿಳಿಯುತ್ತದೆ.

"ನಿಲ್ಲಸಬ್ಯಾಡ್ರಿ. ಜೋಡು ಬೀಳ್ತದ. ಸುರೀರಿ."

ಗೋಡೆಯೊಳಗೆ ಏನೋ ಸುರಿಯಿತು. ದೊಡ್ಡದಾದ, ಒದ್ದೆಯಾದ, ಮುಗಿಯದ ಸದ್ದು. ಅದರ ಅಡಿಯಿಂದ ಮತ್ತೆ ಕೂಗು, ಈಗ ಬಾಯಿಗೆ ಬಟ್ಟೆ ತುರುಕಿದಂತೆ. ಯಾರೋ ಒಬ್ಬಳು "ದೀಪ ಹಾಕ್ರೀ" ಎಂದಳು. ಯಾರೂ ಹಾಕಲಿಲ್ಲ.

"ಯಾರೂ ಓಗೊಡಬ್ಯಾಡ್ರಿ. ಅದು ದೆವ್ವ ಐತಿ."

"ಹೋ..."

"ಬಂತೋ," ಎಂದಳು ಹುಲಿಗೆವ್ವ.

ಮುದುಕಿಯ ದನಿ ಸುರಂಗದ ಈ ತುದಿಯಿಂದ ಆ ತುದಿಗೆ ಹೋಯಿತು. ಹೊಳೆಯ ಕಡೆಯ ಗೋಡೆಗೆ ಬಡಿದು ಹಿಂದಿರುಗಿತು. ಹಿಂದಿರುಗಿದ್ದು ಮುದುಕಿಯ ದನಿಯಂತಿರಲಿಲ್ಲ, ಎಳೆಯ ದನಿಯಂತಿತ್ತು ಎಂದು ಅವತ್ತು ಅಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ. ಸುರಂಗ ಸದ್ದನ್ನು ತಿರುಚುತ್ತದೆ, ಅದರಲ್ಲಿ ಪವಾಡವೇನಿಲ್ಲ. ಕಂಟ್ರೋಲ್ ರೂಮಿನಲ್ಲಿ ಯಶೋಧರೆ ದೀಪದ ಗುಂಡಿ ಒತ್ತಿದಳು.

ದೀಪ ಹತ್ತಿದಾಗ ಹುಲಿಗೆವ್ವ ಕೈ ಮೇಲೆತ್ತಿಯೇ ನಿಂತಿದ್ದಳು. ಹಿಂದಿನಿಂದ ಯಾರೋ ಒಬ್ಬ ಚಟಕ್ಕೆ ಬಿದ್ದು "ಮ್ಯಾ" ಎಂದ. ಅವನ ಹೆಂಡತಿ ತಿರುಗಿ ನೋಡಿದ ನೋಟಕ್ಕೆ ತಲೆ ತಗ್ಗಿಸಿದ. ಮೈಲಾರಿ ಕೊಂಬು ಕಿತ್ತು, ಎಲ್ಲಿಡಬೇಕೆಂದು ತಿಳಿಯದೆ ಹೊಟ್ಟೆಗೆ ಒತ್ತಿಕೊಂಡ. "ಯವ್ವಾ," ಎಂದ, "ಎರಡು ವರ್ಷದಿಂದ ನಾ ಆಕಿ ಮಾರಿಗೆ ನಿಂತು..."

ಜನ ಹೋದ ಮೇಲೆ ನೆಲದ ತುಂಬ ಮೇಕೆಕಿವಿಗಳು ಬಿದ್ದಿದ್ದವು.

*

ಇಷ್ಟಕ್ಕೆ ಲೋಕ ತಿದ್ದಿಕೊಂಡಿತು ಎಂದುಕೊಂಡರೆ ನೀವು ಲೋಕವನ್ನು ನೋಡಿಲ್ಲ. ಯಾರೋ ಫೋನಿನಲ್ಲಿ ಹಿಡಿದದ್ದು ಸಂಜೆಯೊಳಗೆ ಊರೂರು ಸುತ್ತಿತು. ಇದಕ್ಕಿಂತ ಒಳ್ಳೆಯ ದೆವ್ವದ ಆಟ ನೋಡಿಲ್ಲ, ಆ ಅಜ್ಜಿಯ ಪಾತ್ರ ಮಾಡಿದವರು ಯಾರು ಎಂದು ಜನ ಕೇಳಿದರು. ಶ್ರೀವತ್ಸ ಮೊದಲು ಯಶೋಧರೆಯನ್ನು ಕೆಲಸದಿಂದ ತೆಗೆದೆನೆಂದ. ಮರುದಿನ ಬೆಳಿಗ್ಗೆ ತಾನೇ ಫೋನು ಮಾಡಿ, ಅಜ್ಜಿ ವಾರಕ್ಕೆರಡು ಸಲ ಬರಬಹುದೇ ಎಂದು ಕೇಳಿದ. ಯಶೋಧರೆ ಬಿಲ್ಲೆಯನ್ನು ಅವನ ಮೇಜಿನ ಮೇಲಿಟ್ಟು ಬಂದಳು.

ಕ್ಯಾಂಪಿನವರು ಸೇರಿ ಗೋಡೆ ಒಡೆಸಿ, ಎಲುಬು ತೆಗೆಸಿಕೊಡಿ ಎಂದು ಆಣೆಕಟ್ಟಿನ ಆಫೀಸಿಗೆ ಹೋದರು. ಗೋಡೆ ಒಡೆದರೆ ಹೊಳೆ ನುಗ್ಗುತ್ತದೆ ಎಂದರು ಆಫೀಸಿನವರು. ಹಾಗಾದರೆ ತನಿಖೆಯನ್ನಾದರೂ ಮಾಡಿಸಿ ಎಂದರೆ, ದೆವ್ವದ ಆಟದ ಧ್ವನಿ ಸಾಕ್ಷಿಯಾಗುವುದಿಲ್ಲ ಎಂದರು. ಅಂದು ದೆವ್ವ ಎಂದು ಹೇಳಿ ಬಾಯಿ ಮುಚ್ಚಿಸಿದರು, ಇಂದು ದೆವ್ವ ಎಂದು ಹೇಳಿ ಕಡತ ಮುಚ್ಚಿದರು. ಆ ವಾರವೇ ಏಳನೇ ಬ್ಲಾಕಿನ ತೂತು ತುಂಬಲು ಆದೇಶ ಬಂತು. ಸುರಂಗ ಇಕ್ಕಟ್ಟು, ಮಿಷನ್ನು ಒಳಗೆ ಹೋಗುವುದಿಲ್ಲ, ಬುಟ್ಟಿಯಲ್ಲೇ ಹೊರಬೇಕು. ಕೂಲಿಗೆ ಯಾರನ್ನು ಕರೆದರು ಎಂದು ಬೇರೆ ಹೇಳಬೇಕೇ? ಎಂಟನೇ ಕ್ಯಾಂಪಿನ ಹೆಂಗಸರನ್ನು.

ಅದನ್ನು ಕೇಳಿ ಯಶೋಧರೆಗೆ ಉರಿದುಹೋಯಿತು. "ಯಾರೂ ಹೋಗಬ್ಯಾಡ್ರಿ. ಅವರೇ ಮುಚ್ಚಿಕೊಳ್ಳಲಿ."

ಹುಲಿಗೆವ್ವ ಎಲೆ ಅಡಿಕೆ ಕುಟ್ಟುತ್ತಿದ್ದವಳು ಕುಟ್ಟಾಣಿ ನಿಲ್ಲಿಸಿದಳು. "ಯಶೋದಿ, ಒಣಾ ಗ್ವಾಡಿ ಕೇಳೂದಿಲ್ಲ ಅಂದಿ."

"ಹೌದು."

"ಮತ್ತ ತೂತಿಗೆ ತುಂಬೂದು ಹಸೀದಲ್ಲೇನು?"

ಯಶೋಧರೆ ಅಜ್ಜಿಯನ್ನು ನೋಡಿದಳು. ವಿಜ್ಞಾನ ಓದಿದ್ದು ಅವಳು, ಆದರೆ ಮಾತು ಬಾಕಿಯಿದ್ದದ್ದು ಅಜ್ಜಿಗೆ. ಬಾಕಿಯಿದ್ದವರಿಗೆ ದಾರಿ ಬೇಗ ಹೊಳೆಯುತ್ತದೆ. "ಹಸೀದ. ಆ ತೂತು ಆಕಿ ಇರೂ ಜಾಗದ ಮಟ ಹೋಗೈತಿ," ಎಂದಳು ನಿಧಾನವಾಗಿ.

ಬೆಳಿಗ್ಗೆ ಹೆಂಗಸರು ಸುರಂಗದ ಬಾಯಿಂದ ಏಳನೇ ಬ್ಲಾಕಿನವರೆಗೆ ಸಾಲು ನಿಂತರು. ಮೈಲಾರಿ ಕೊಂಬಿಲ್ಲದ ತಲೆಗೆ ಟವೆಲು ಸುತ್ತಿ ಗಾರೆ ಕಲಸಿಕೊಟ್ಟ. ಬುಟ್ಟಿ ಏರಿತು. ಈ ಕೂಗನ್ನು ಹೋದ ವಾರವಷ್ಟೇ ಕಲಿತ ಸೊಸೆಯಂದಿರು ಹೋತೋ ಎಂದರು, ಮುಂದಿನವರು ಬಂತೋ ಎಂದರು. ಹೋತೋ, ಬಂತೋ, ಹೋತೋ, ಬಂತೋ ಎನ್ನುತ್ತ ಕೂಗು ಕತ್ತಲೆಯೊಳಗೆ ನಡೆದುಹೋಯಿತು. ಗುತ್ತಿಗೆದಾರನ ಮೇಸ್ತ್ರಿಗೆ ಯಾಕೋ ಕಸಿವಿಸಿಯಾಗಿ, "ಲಗೂ ಲಗೂ ಮುಚ್ರೀ" ಎಂದು ಹೇಳಿ ಬಿಸಿಲಿಗೆ ಹೊರಟುಹೋದ.

ಕೊನೆಯ ಬುಟ್ಟಿ ಹುಲಿಗೆವ್ವನ ಕೈಗೆ ಬಂತು. ಅವಳು ಗಾರೆಯನ್ನು ತೂತಿಗೆ ಒತ್ತಿದಳು, ಹೆಬ್ಬೆರಳಿನಿಂದ ಅಂಚು ತೀಡಿದಳು, ಕೂಸಿನ ನೆತ್ತಿಗೆ ಎಣ್ಣೆ ಒತ್ತುವ ಹಾಗೆ. ಯಶೋಧರೆ ಗಾಳಿಯ ಫ್ಯಾನು ಆರಿಸಿದಳು. ಸುರಂಗ ಕಿವಿ ನಿಮಿರಿಸಿ ನಿಂತಿತು. ಒಂದು ಕಡೆ ಹೊಳೆ, ಒಂದು ಕಡೆ ಹೆಂಗಸರು, ನಡುವೆ ಒದ್ದೆ ಗುರುತಿನ ಗೋಡೆ.

ಹುಲಿಗೆವ್ವ ಬಾಯಿಯನ್ನು ಗಾರೆಗೆ ಹತ್ತಿರ ಒಯ್ದಳು. ಅಳುತ್ತಾಳೆಂದು ಎಲ್ಲರೂ ಸೆರಗು ಕೈಗೆ ತೆಗೆದುಕೊಂಡಿದ್ದರು.

"ಅಕ್ಕಾ," ಎಂದಳು, ಕಟ್ಟೆಯ ಮೇಲೆ ಕೂತು ಹೇನು ನೋಡುತ್ತ ಮಾತಾಡುವವಳಂತೆ. "ನಾ ಹುಲಿಗಿ. ಹಲ್ಲು ಬಿದ್ದಾವ, ಅದಕ್ಕ ದನಿ ಗುರುತು ಸಿಗಲಿಕ್ಕಿಲ್ಲ. ನೀ ಆ ಲಾರಿ ಡ್ರೈವರನ ಜೋಡಿ ಓಡಿಹೋದಿ ಅಂತ ಊರೆಲ್ಲಾ ಅಂತು. ನನಗ ಆಗ್ಲೇ ಡೌಟು ಇತ್ತು. ಉಬ್ಬಹಲ್ಲಿನ್ಯಾವ, ಮಾತಾಡಿದ್ರ ಮಾರಿ ಮ್ಯಾಲ ಮಳಿ ಹೊಡೀತಿತ್ತು. ನಮ್ಮಕ್ಕ ಓಡಿಹೋಗ್ತಾಳ ಅಂದ್ರ ಸ್ವಲ್ಪ ಛಲೋ ಇದ್ದಾವನ ಜೋಡಿ ಹೋಗ್ತಿದ್ಲು ಅಂತ ಅವ್ವಗ ಹೇಳಿದ್ದಕ್ಕ ಕಪಾಳಕ್ಕ ಬಿದ್ದಿತ್ತು."

ಸಾಲಿನಲ್ಲಿ ಯಾರೋ ತಡೆಯಲಾರದೆ ನಕ್ಕರು. ಆ ನಗು ಪಕ್ಕದವಳಿಗೆ ದಾಟಿತು, ಅವಳಿಂದ ಮುಂದಿನವಳಿಗೆ, ಬುಟ್ಟಿ ದಾಟಿದಂತೆ. ಕಣ್ಣೊರೆಸಿಕೊಳ್ಳುತ್ತಲೇ ಎಲ್ಲರೂ ನಕ್ಕರು. ನಗು ಸುರಂಗದ ತುದಿಗೆ ಹೋಗಿ ಬಂದು ಗಾರೆಗೆ ತಾಗಿತು, ತಾಗಿದ್ದು ನಾಟಿತು.

ಹುಲಿಗೆವ್ವ ನಗು ಇಳಿಯುವವರೆಗೆ ಕಾದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಮೊಳಕಾಲು ತುಸು ಬಗ್ಗಿಸಿ, ಎರಡೂ ಕೈ ನೆತ್ತಿಯ ಮೇಲಕ್ಕೆತ್ತಿದಳು.

"ಬಂತಕ್ಕಾ," ಎಂದಳು. "ಬುಟ್ಟಿ ಬಿಡು."

ಗಾರೆ ಇನ್ನೂ ಹಸಿಯಾಗಿಯೇ ಇತ್ತು.